ಆಯವಿಲ್ಲದ ಆಯಗಾರ

ಹುಣಸೂರಿನಿಂದ ಹನಗೋಡಿಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಅಲ್ಲಿನ ಹೊಗೆಸೊಪ್ಪಿನ ಬ್ಯಾರನ್ನಿನ ನೆತ್ತಿಯಿಂದ ಎದುರಿನ ತೆಂಗಿನಮರಕ್ಕೆ 20 ಮೀಟರ್ ತಾಮ್ರದ ತಂತಿ ಎಳೆದಿದ್ದೇನೆ. ಅಷ್ಟೆತ್ತರದಲ್ಲಿ ಯಾರಪ್ಪ ಬಟ್ಟೆ ಒಣಹಾಕೋರು ಎಂದು ದಾರಿಹೋಕರು ಕೇಳುವುದುಂಟು. ರೇಡಿಯೊ ಏರಿಯಲ್ ಎಂದರೆ, 'ಈಗೆಲ್ಲ ಡಿಶ್ ಬಂದಿದೆಯಲ್ಲ' ಎಂದು ಮರುಕಪಡುತ್ತಾರೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿ ಅದನ್ನು ಆಕಾಶವಾಣಿ ಎಂದು ಕರೆದಾಗ ನೆರೆಹೊರೆಯವರು ಏನೆಂದುಕೊಂಡಿದ್ದರೋ!

ನಾನು ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವನು. ನನ್ನ ಕರೆಸಂಕೇತ ವಿಯು3 ಎಂದು ಶುರುವಾಗುತ್ತದೆ. ಆದರೆ ಮಾತಾಡುವ ಚಟ ಕಡಿಮೆ. ಹ್ಯಾಮ್‌ಗಳು ಬಳಸುವ ತಂತ್ರಾಂಶ ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಗಳ ಮೇಲೆ ಕೆಡದೆ ನಡೆಯುತ್ತಿರುವಂತೆ ನೋಡಿಕೊಳ್ಳುವುದು ನನ್ನ ಹುಚ್ಚು. ಬರೆದವರು ಯಾರೋ, ಬಳಸುವವರು ಇನ್ನಾರೋ. ನಡುವೆ ಕೂತು ತೇಪೆ ಹಾಕುತ್ತೇನೆ.

ಅಮ್ಮನ ತವರು ಕೆ.ಆರ್. ನಗರದ ಕಡೆ. ಅಲ್ಲಿಯ ಕಮ್ಮಾರ ವರ್ಷವಿಡೀ ಊರವರ ಕುಳ ತಟ್ಟಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಭತ್ತ ಅಳೆಸಿಕೊಂಡು ಹೋಗುತ್ತಿದ್ದ. ಅವನಿಗೆ ಉಳಲು ಗೇಣು ಗದ್ದೆಯೂ ಇರಲಿಲ್ಲ. ಆದರೂ ಯಾರ ಕುಳ ಎಷ್ಟು ಸವೆದಿದೆ ಎಂಬುದು ಒಕ್ಕಲಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ನನ್ನದೂ ಅದೇ ಕಸುಬು. ಆಯವೊಂದಿಲ್ಲ.

ನನ್ನ ಕುಳಗಳು ಸವೆಯುವ ರೀತಿ ವಿಚಿತ್ರ. ರೇಡಿಯೊವನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿದರೆ ಲಿನಕ್ಸ್ ಅದನ್ನು 'ಟಿಟಿವೈಯುಎಸ್‌ಬಿ0' ಎನ್ನುತ್ತದೆ, ಓಪನ್‌ಬಿಎಸ್‌ಡಿ 'ಸಿಯುಎಯು0' ಎನ್ನುತ್ತದೆ. ಅದನ್ನು ಮುಟ್ಟುವ ಹಕ್ಕು ಡೆಬಿಯನ್ ಎಂಬ ಲಿನಕ್ಸಿನಲ್ಲಿ 'ಡಯಲೌಟ್' ಗುಂಪಿನವರದು, ಬಿಎಸ್‌ಡಿಗಳಲ್ಲಿ 'ಡಯಲರ್' ಗುಂಪಿನವರದು. ತವರಲ್ಲಿ ಪುಟ್ಟಿ, ಗಂಡನ ಮನೆಯಲ್ಲಿ ಲಕ್ಷ್ಮಮ್ಮ. ತವರೊಂದನ್ನೇ ಕಂಡ ಪ್ರೋಗ್ರಾಂ ಬಾಗಿಲಲ್ಲಿ ನಿಂತು ಪುಟ್ಟೀ ಪುಟ್ಟೀ ಎಂದು ಕೂಗುತ್ತಲೇ ಇರುತ್ತದೆ, ಲಕ್ಷ್ಮಮ್ಮ ಓಗೊಡುವುದಿಲ್ಲ. ತಿದ್ದಬೇಕಾದ್ದು ಒಂದೇ ಸಾಲು. ಆ ಸಾಲು ಎಲ್ಲಿದೆ ಎಂದು ಹುಡುಕಲು ಮೂರು ರಾತ್ರಿ.

ರಾತ್ರಿಗಳು ನನಗೆ ಧಾರಾಳ. ಬ್ಯಾರನ್ನಿಗೆ ಬೆಂಕಿ ಹಾಕಿದರೆ ಐದಾರು ದಿನ ಯಾರಾದರೂ ಎದ್ದಿರಲೇಬೇಕು. ಥರ್ಮಾಮೀಟರ್ ನೋಡಬೇಕು, ಸೌದೆ ಒಡ್ಡಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್‌ಡಿಜಿ ಎಂಬ ಹ್ಯಾಮ್ ತಂತ್ರಾಂಶ ಕಂಪೈಲ್ ಆಗುವಷ್ಟರಲ್ಲಿ ಒಂದು ಒಲೆ ಸೌದೆ ಉರಿದು ಕೆಂಡವಾಗಿರುತ್ತದೆ. ಹೊರಗೆ ಜೀರುಂಡೆ, ಒಳಗೆ ಸೊಪ್ಪು ಬೇಯುವ ಸಿಹಿ ವಾಸನೆ, ಪರದೆಯ ಮೇಲೆ ಸರಸರನೆ ಓಡುವ ಸಾಲುಗಳು. ಅವು ತಪ್ಪಿಲ್ಲದೆ ಕೊನೆ ಮುಟ್ಟಿದಾಗಿನ ಸುಖವನ್ನು ಯಾರಿಗೆ ಹೇಳಲಿ? ಒಮ್ಮೆ ಹೀಗೇ ಮೈಮರೆತು ಶಾಖ ಏರಿದ್ದು ಗೊತ್ತಾಗಲಿಲ್ಲ. ಸೊಪ್ಪು ಕಂದಿಹೋಯಿತು, ಅಪ್ಪ ಎರಡು ದಿನ ಮಾತು ಬಿಟ್ಟರು. ತೇಪೆ ಮಾತ್ರ ಸರಿಯಾಗಿತ್ತು.

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಗೆಳೆಯನೊಬ್ಬನಿದ್ದಾನೆ. ಆನೆ ಬಾರದಿರಲೆಂದು ಅವನ ಜಮೀನಿಗೆ ಸೋಲಾರ್ ಬೇಲಿ. ಬೇಲಿ ಸೆಕೆಂಡಿಗೊಮ್ಮೆ ಮಿಡಿಯುತ್ತದೆ, 7 ಮೆಗಾಹರ್ಟ್ಸ್‌ನಲ್ಲಿ ಅದು ಟಿಕ್ ಟಿಕ್ ಎಂದು ಕಿವಿ ಕುಕ್ಕುತ್ತದೆ. ಮನುಷ್ಯರ ದನಿ ಮುಳುಗಿಹೋಗುವ ಇಂಥ ಗದ್ದಲದಲ್ಲೂ ಎಫ್‌ಟಿ8 ಸಂದೇಶವನ್ನು ಹೆಕ್ಕಿಕೊಳ್ಳುತ್ತದೆ. ಇದು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಹೊರತಂದ ವಿಧಾನ. 15 ಸೆಕೆಂಡು ನೀನು, 15 ಸೆಕೆಂಡು ನಾನು ಎಂಬ ಕಟ್ಟುನಿಟ್ಟಿನ ಸರದಿ. ಆದರೂ ಗೆಳೆಯನಿಗೆ ಒಂದು ಸಂದೇಶವೂ ಬೀಳುತ್ತಿರಲಿಲ್ಲ. ಬೇಲಿಯದೇ ತಪ್ಪು ಎಂದು ಅವನು, ನನ್ನ ತೇಪೆಯದೇ ಇರಬೇಕು ಎಂದು ನಾನು. ನೋಡಿದರೆ ಲ್ಯಾಪ್‌ಟಾಪಿನ ಗಡಿಯಾರದ ಸೆಲ್ ಸೊರಗಿ ಹೊತ್ತು ಐದು ಸೆಕೆಂಡು ಹಿಂದೆ ಬಿದ್ದಿತ್ತು! ಸರದಿ ತಪ್ಪಿದವನಿಗೆ ಯಾರ ಮಾತೂ ತಿಳಿಯದು. ಹೊತ್ತು ಹೊಂದಿಸುವ ಕ್ರೋನಿ ತಂತ್ರಾಂಶ ಹಾಕಿ ಗಡಿಯಾರ ಸರಿಪಡಿಸಿದ್ದೇ ತಡ, ಪರದೆ ತುಂಬಿಕೊಂಡಿತು. ಬೇಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಹೋದ ಮಳೆಗಾಲದಲ್ಲಿ ಪಿರಿಯಾಪಟ್ಟಣದಿಂದ ಒಬ್ಬ ಹುಡುಗ ಬಂದ. ಯಾಯೆಸು ಎಫ್‌ಟಿ-817 ರೇಡಿಯೊವನ್ನು ಸ್ಕ್ರೂ ಬಿಚ್ಚಿ ಟವೆಲಿನಲ್ಲಿ ಸುತ್ತಿ ತಂದಿದ್ದ. ಕಂಪ್ಯೂಟರಿನ ಮಾತನ್ನೇ ಕೇಳುತ್ತಿಲ್ಲ, ಕೆಟ್ಟಿದೆ ಎಂದ. ಕೆಟ್ಟಿರಲಿಲ್ಲ. ರೇಡಿಯೊಗಳೊಡನೆ ಮಾತಾಡುವ ಹ್ಯಾಮ್‌ಲಿಬ್ ತಂತ್ರಾಂಶ ನಾಲ್ಕನೆಯ ಆವೃತ್ತಿಗೆ ಬಂದಾಗ ಒಂದೊಂದು ರೇಡಿಯೊಗೂ ಕೊಟ್ಟಿದ್ದ ನಂಬರು ಬದಲಾಗಿತ್ತು. ಹುಡುಗ ಆವೃತ್ತಿ ಹೊಸದು ಹಾಕಿಕೊಂಡಿದ್ದ, ಸ್ಕ್ರಿಪ್ಟ್ ಹಳೆಯದೇ ಇತ್ತು. ಒಂದು ಅಂಕಿ ತಿದ್ದಲು ಅರೆನಿಮಿಷ, ಸ್ಕ್ರೂಗಳನ್ನು ಅವುಗಳ ಜಾಗಕ್ಕೆ ಸೇರಿಸಲು ಮಧ್ಯಾಹ್ನವಿಡೀ ಹಿಡಿಯಿತು.

ನಿಮ್ಮಲ್ಲೂ ಎಫ್‌ಟಿ-817 ಇದ್ದು, ಹಳೆಯ ಸ್ಕ್ರಿಪ್ಟಿನಲ್ಲಿ 120 ಎಂದಿದ್ದರೆ 1020 ಎಂದು ಮಾಡಿಕೊಳ್ಳಿ. ದಯವಿಟ್ಟು ಸ್ಕ್ರೂ ಬಿಚ್ಚಬೇಡಿ.