ನಾಲ್ಕು ತಂತಿ, ನಾಲ್ಕು ಸಾಲು

ಮೊಬೈಲ್ ಸ್ಪೀಕರ್‌ನಲ್ಲಿ ಹಾಡು ಕೇಳುವವರಿಗೆ ಬೇಸ್ ಗಿಟಾರ್ ಅನ್ನೋದು ಒಂದಿದೆ ಅಂತಲೇ ಗೊತ್ತಾಗುವುದಿಲ್ಲ. ನಾಲ್ಕು ತಂತಿಯ ಈ ವಾದ್ಯದ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ತಾಕತ್ತಿಲ್ಲ. ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆವಿ ಮೆಟಲ್ ಕೇಳಿದ್ದು ಹೀಗೆ, ಮೇಲಿನ ಅರ್ಧ ಮಾತ್ರ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಾನು ಪತ್ರಿಕೋದ್ಯಮ ಡಿಪ್ಲೊಮಾ ವಿದ್ಯಾರ್ಥಿ. ಮರುದಿನ ಪೇಪರ್‌ನಲ್ಲಿ ಫೋಟೊ ನೋಡಿದೆ, ಅಷ್ಟೇ.

ಈಗ ಹಾವೇರಿಯಲ್ಲಿ ಸ್ಟ್ರಿಂಗರ್. ಬೇಸ್ ನನ್ನ ಕೈಗೆ ಬಂದದ್ದು ಒಬ್ಬ ಆರ್ಕೆಸ್ಟ್ರಾ ಅಣ್ಣನಿಂದ. ಗಣಪತಿ ಹಬ್ಬ, ಜಾತ್ರೆ, ಮದುವೆ ಅಂತ ಇಪ್ಪತ್ತು ವರ್ಷ ಬಾರಿಸಿದವರು. ಈಗಿನ ಕೀಬೋರ್ಡ್‌ಗಳಲ್ಲಿ ಡ್ರಮ್ಮು, ಬೇಸು ಎಲ್ಲ ಒಳಗೇ ಇರುತ್ತವೆ. ಎಡಗೈಯಲ್ಲಿ ಒಂದು ಕಾರ್ಡ್ ಒತ್ತಿದರೆ ಅದೇ ಬಾರಿಸಿಕೊಂಡು ಹೋಗುತ್ತದೆ. ಪಾರ್ಟಿಯವರು ಬಜೆಟ್ ಕಡಿಮೆ ಅಂದಾಗ ಮೊದಲು ಕೈಬಿಡುವುದು ಬೇಸ್‌ನವರನ್ನೇ. ಇವರಿಗೀಗ ಜೆರಾಕ್ಸ್ ಅಂಗಡಿಯಿದೆ. ಗಿಟಾರ್ ಅಟ್ಟದ ಮೇಲಿತ್ತು. ನನ್ನ ಒಂದು ತಿಂಗಳ ಲೈನೇಜ್‌ಗಿಂತ ಸ್ವಲ್ಪ ಹೆಚ್ಚಿನ ದುಡ್ಡಿಗೆ ಕೊಟ್ಟರು, ಎರಡು ಕಂತಿನಲ್ಲಿ.

ಕೊಡುವಾಗ ಷರತ್ತೊಂದು ಹಾಕಿದರು. ಮೊದಲು ‘ಗೀತಾ’ ಸಿನಿಮಾದ ಹಾಡುಗಳನ್ನು ಒಳ್ಳೆ ಇಯರ್‌ಫೋನ್ ಹಾಕಿ ಕೇಳಬೇಕು, ಇಳಯರಾಜಾ ಕೆಳಗೆ ಏನು ನಡೆಸಿದ್ದಾರೆ ನೋಡಬೇಕು, ಆಮೇಲೆ ನಿನ್ನ ಗದ್ದಲ. “ಬೇಸು ಕಿವಿಗಲ್ಲ ತಮ್ಮಾ, ಹೊಟ್ಟಿಗೆ. ಬಾರಿಸೂದು ಬಿಟ್ಟಾಗ ಮಂದಿಗೆ ತಿಳೀತೈತಿ, ಏನೋ ಹೋತಲ್ಲ ಅಂತ” ಅಂದರು. 1981ರ ಹಾಡುಗಳು, ಚಿಕ್ಕಂದಿನಿಂದ ಕೇಳಿದವು. ಆ ರಾತ್ರಿ ಕೇಳಿದಾಗ ಅದರೊಳಗೆ ಇನ್ನೊಂದು ಹಾಡು ಓಡಾಡುತ್ತಿತ್ತು.

ನಂದು ಮಹಡಿ ಮೇಲಿನ ಬಾಡಿಗೆ ರೂಮು. ಆ್ಯಂಪ್ ಇಲ್ಲ. ಗಿಟಾರಿನ ತಲೆಯನ್ನು ಮರದ ಕಪಾಟಿಗೆ ಒತ್ತಿ ಹಿಡಿದರೆ ಕಪಾಟೇ ಗುಂಯ್‌ಗುಡುತ್ತದೆ. ಇದು ಉಪಾಯವೇನೋ ಹೌದು, ಆದರೆ ಕೆಳಗಿನ ಸ್ವರಕ್ಕೆ ಗೋಡೆ ಲೆಕ್ಕಕ್ಕಿಲ್ಲ. ನನ್ನ ಕಿವಿಗಿಂತ ಚೆನ್ನಾಗಿ ಅದು ಕೆಳಗಿನ ಮನೆಗೆ ತಲುಪುತ್ತದೆ. “ರಾತ್ರಿ ಹನ್ನೊಂದಕ್ಕ ಮ್ಯಾಲೆ ಏನ್ ಬೀಸ್ತೀರಿ ಸರ?” ಅಂತ ಮನೆ ಮಾಲಕಿ ಅಮ್ಮಾರು ಕೇಳಿದ್ದರು. ಗ್ರೈಂಡರ್ ಇಟ್ಟಿದ್ದೇನೆ ಅಂದುಕೊಂಡಿದ್ದರಂತೆ.

ಕಲಿಕೆಗೆ ಗುರು ಇಲ್ಲ, ಟ್ಯಾಬ್ ಇದೆ. ನಾಲ್ಕು ಗೆರೆ ಎಂದರೆ ನಾಲ್ಕು ತಂತಿ, ಗೆರೆಯ ಮೇಲಿನ ಅಂಕಿ ಎಂದರೆ ಎಷ್ಟನೇ ಮನೆ ಒತ್ತಬೇಕು ಅಂತ. ಸ್ವರಜ್ಞಾನ ಇಲ್ಲದವನಿಗೂ ಓದಲು ಬರುತ್ತದೆ. ಬಲಗೈಯ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟಬೇಕು. ಮೊದಲ ವಾರ ಎರಡರ ತುದಿಗೂ ಗುಳ್ಳೆ ಬಂದವು. ಸುದ್ದಿಯನ್ನು ಮೊಬೈಲ್‌ನಲ್ಲೇ ಟೈಪ್ ಮಾಡಿ ಕಳಿಸುವವನಿಗೆ ಇದು ಸಣ್ಣ ತೊಂದರೆಯಲ್ಲ. ತಾಲ್ಲೂಕು ಪಂಚಾಯಿತಿ ಸಭೆಯ ವರದಿಯನ್ನು ಫೋನಿಗೆ ಬಾಯಲ್ಲೇ ಒದರಿ ಕಳಿಸಿದೆ.

ಮೊದಲು ಹಿಡಿದ ಹಾಡು ಮೆಟಾಲಿಕಾದ ‘ಫಾರ್ ಹೂಮ್ ದ ಬೆಲ್ ಟೋಲ್ಸ್’, 1984ರ ‘ರೈಡ್ ದ ಲೈಟ್ನಿಂಗ್’ ಆಲ್ಬಂನದು. ಗಂಟೆ ಬಡಿದ ಮೇಲೆ ಕೇಳುವ ಆ ಕರ್ಕಶ ತಂತಿ ಗಿಟಾರ್ ಅಂತಲೇ ಬಹಳ ಜನ ತಿಳಿದಿರುತ್ತಾರೆ. ಅದು ಬೇಸ್, ಡಿಸ್ಟಾರ್ಷನ್ ಹಾಕಿದ್ದು. ಬಾರಿಸಿದವರು ಕ್ಲಿಫ್ ಬರ್ಟನ್. ಸಾಹಿತ್ಯ ಹೆಮಿಂಗ್ವೆ ಕಾದಂಬರಿಯ ಎಳೆ ಹಿಡಿದು ಬರೆದದ್ದು, ಗುಡ್ಡದ ಮೇಲೆ ಸಾಯುವ ಸೈನಿಕರದು. ಬೆರಳಿಗೆ ಕೂತಾಗ ಗೊತ್ತಾಗುವುದೇನೆಂದರೆ, ಇಲ್ಲಿ ಅವಸರವಿಲ್ಲ. ಒಂದೊಂದೇ ಮನೆ ಜಾರುತ್ತ ಇಳಿಯಬೇಕು. ವೇಗ ಇಲ್ಲದ್ದರಿಂದಲೇ ಕಷ್ಟ, ಅಡಗಲು ಜಾಗ ಇಲ್ಲ.

ಬರ್ಟನ್ ಬಗ್ಗೆ ಓದಿದ್ದು ಆಮೇಲೆ. 1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ ದಕ್ಷಿಣ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ರಸ್ತೆ ಬಿಟ್ಟು ಮಗುಚಿತು. ಮಲಗಿದ್ದ ಬರ್ಟನ್ ಕಿಟಕಿಯಿಂದ ಹೊರಗೆ ಬಿದ್ದು, ಬಸ್ಸು ಮೈಮೇಲೆ ಬಂತು. ವಯಸ್ಸು 24. ರಸ್ತೆ ಮೇಲೆ ಮಂಜು ಹೆಪ್ಪುಗಟ್ಟಿತ್ತು ಅಂತ ಚಾಲಕ ಹೇಳಿದ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಆ ಚಳಿಯಲ್ಲಿ ರಸ್ತೆಯುದ್ದಕ್ಕೂ ಹಿಂದಕ್ಕೆ ನಡೆದು ಮಂಜು ಹುಡುಕಿದರು, ಸಿಗಲಿಲ್ಲ.

ಈ ನಡಿಗೆ ನನಗೆ ಪರಿಚಯ. ನಮ್ಮ ಜಿಲ್ಲೆಯ ಉದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ರಾತ್ರಿ ಫೋನ್ ಬಂದರೆ ಬೈಕ್ ತೆಗೆಯುತ್ತೇನೆ. ಲಾರಿ ಹಿಂದಿಗೆ ನುಗ್ಗಿದ ಕಾರು, ಉರುಳಿದ ಟಿಟಿ. ಪೊಲೀಸರು ಪಂಚನಾಮೆ ಬರೆಯುವಾಗ, ಸತ್ತವರ ಕಡೆಯವರೊಬ್ಬರು ಟಾರ್ಚ್ ಹಿಡಿದು ರಸ್ತೆ ಮೇಲೆ ಬ್ರೇಕ್ ಗುರುತು ಹುಡುಕುತ್ತ ಹಿಂದಕ್ಕೆ ನಡೆಯುತ್ತಿರುತ್ತಾರೆ. ಪ್ರತಿ ಸಲ ಯಾರಾದರೂ ಒಬ್ಬರು. ಡೆಸ್ಕ್‌ಗೆ ಬೇಕಾದದ್ದು ಹೆಸರು, ವಯಸ್ಸು, ಊರು, ಠಾಣೆ. ನಾಲ್ಕು ಸಾಲು. ಟಾರ್ಚ್ ಹಿಡಿದವರಿಗೆ ಅದರಲ್ಲಿ ಜಾಗ ಇಲ್ಲ, ಇರಬೇಕು ಅಂತ ನಾನು ವಾದಿಸಿಯೂ ಇಲ್ಲ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಬರಬೇಕಲ್ಲ. ಆ ಹೊತ್ತಿಗೆ ಭಾವಗೀತೆ ಆಗಿಬರುವುದಿಲ್ಲ, ಸುಳ್ಳು ಸಮಾಧಾನ ಅನ್ನಿಸುತ್ತದೆ. ಸಾವನ್ನು ಸಾವು ಅಂತಲೇ ಕರೆಯುವ ಈ ಒರಟು ಸಂಗೀತ ಆಗುತ್ತದೆ. ಅದೂ ಕೇಳುವುದಕ್ಕಿಂತ ಬಾರಿಸುವುದು.

ಇದರ ಹುಟ್ಟೇ ಒಂದು ಅಪಘಾತಕ್ಕೆ ಗಂಟುಬಿದ್ದಿದೆ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ 17 ವರ್ಷದ ಟೋನಿ ಅಯೋಮಿ ಕೆಲಸದ ಕೊನೆಯ ದಿನ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಹಗುರ ತಂತಿ ಹಾಕಿದರು, ಮುಂದೆ ಬ್ಲ್ಯಾಕ್ ಸಬ್ಬತ್‌ನ ಕೆಲವು ಹಾಡುಗಳಿಗೆ ತಂತಿಯನ್ನೇ ಸಡಿಲಿಸಿ ಶ್ರುತಿ ಇಳಿಸಿದರು. ಜೊತೆಗೆ ಗೀಜರ್ ಬಟ್ಲರ್ ಬೇಸೂ ಇಳಿಯಿತು. ಮೆಟಲ್‌ನ ಆ ಭಾರದಲ್ಲಿ ಈ ಗಾಯದ ಪಾಲೂ ಇದೆ. ‘ಯಂತ್ರಕ್ಕೆ ಕೈ ಸಿಲುಕಿ ಕಾರ್ಮಿಕನಿಗೆ ಗಾಯ’ ಅಂತ ನಾವು ಬರೆಯುವ ಸುದ್ದಿ.

ಬರ್ಟನ್ ನಂತರ ಬಂದವರು ಜೇಸನ್ ನ್ಯೂಸ್ಟೆಡ್. ಅವರು ಬಾರಿಸಿದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಕೇಳಿ ನೋಡಿ, ಬೇಸ್ ಇಲ್ಲವೇ ಇಲ್ಲ ಅನ್ನುವಷ್ಟು ಮಿಕ್ಸಿಂಗ್‌ನಲ್ಲಿ ಅದುಮಿದ್ದಾರೆ. ಬೈಲೈನ್ ಇಲ್ಲದ ಸ್ಟ್ರಿಂಗರ್‌ಗಳಿಗೆ ಇದನ್ನು ವಿವರಿಸಬೇಕಿಲ್ಲ. ಅದರ ಹಾಡು ಕಲಿಯುವುದು ವಿಚಿತ್ರ ಕೆಲಸ: ಕಿವಿಗೆ ಏನೂ ಸಿಗದು, ಟ್ಯಾಬ್ ನಂಬಿಕೊಂಡು ಕತ್ತಲಲ್ಲಿ ನಡೆದ ಹಾಗೆ.

ಸದ್ಯ ಐರನ್ ಮೇಡನ್‌ನ ‘ದ ಟ್ರೂಪರ್’ ಹಿಡಿದಿದ್ದೇನೆ. 1854ರ ಕ್ರಿಮಿಯಾ ಯುದ್ಧದಲ್ಲಿ ಫಿರಂಗಿಗೆ ಎದುರಾಗಿ ನುಗ್ಗಿದ ಕುದುರೆ ಸವಾರರ ಹಾಡು. ಸ್ಟೀವ್ ಹ್ಯಾರಿಸ್ ಅವರ ಬೇಸ್ ಕುದುರೆಯಂತೆಯೇ ಓಡುತ್ತದೆ, ತಾ-ಕಿಟ ತಾ-ಕಿಟ ತಾ-ಕಿಟ, ಮಿನಿಟಿಗೆ ಸುಮಾರು 160 ತಾಳದ ಲೆಕ್ಕದಲ್ಲಿ, ಪಿಕ್ ಇಲ್ಲದೆ ಬರಿ ಬೆರಳಲ್ಲಿ. ಆರ್ಕೆಸ್ಟ್ರಾ ಅಣ್ಣನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, “ಇದನ್ನ ಕೀಬೋರ್ಡ್‌ನಾಗ ಬಾರಿಸ್ಲಿ ನೋಡೂಣು” ಅಂದರು. ಜೆರಾಕ್ಸ್ ಮಷಿನ್ ಪಕ್ಕಕ್ಕೆ ಸರಿಸಿ ಗಿಟಾರ್ ಇಸಕೊಂಡರು. ಎರಡೇ ನಿಮಿಷಕ್ಕೆ ಅವರ ಬೆರಳು 120ಕ್ಕೆ ಹೋಯಿತು. ನಾನು ಇನ್ನೂ 105ರಲ್ಲಿದ್ದೇನೆ. ಈಗ ವಾರಕ್ಕೆರಡು ದಿನ ಗಿಟಾರ್ ಅವರ ಅಂಗಡಿಯಲ್ಲೇ ಇರುತ್ತದೆ.