ಕತ್ತಲಲ್ಲಿ ಡ್ಯಾನ್ಯೂಬ್ ದಾಟಿದ 14ನೇ ಡಿವಿಷನ್

ಮೊದಲನೇ ಫೋಟೋ ನೋಡಿ. ರೆಪಿನ್ ಬರೆದ ಪೇಂಟಿಂಗ್, ಕೊಸಾಕ್‌ಗಳೆಲ್ಲ ಸೇರಿ ಟರ್ಕಿ ಸುಲ್ತಾನನಿಗೆ ಬೈದು ಕಾಗದ ಬರೆಸ್ತಿದ್ದಾರೆ. ಮಧ್ಯದಲ್ಲಿ ಪೈಪ್ ಕಚ್ಕೊಂಡು ನಗ್ತಿರೋ ನಾಯಕನ ಮುಖಕ್ಕೆ ಮಾದರಿಯಾದವರು ಒಬ್ಬ ನಿಜವಾದ ಜನರಲ್: ಮಿಖಾಯಿಲ್ ದ್ರಾಗೊಮಿರೊವ್. ಇವತ್ತು ಅವರಿಗಿಂತ ಹೆಚ್ಚಾಗಿ ಅವರ ಕೈಕೆಳಗಿದ್ದ ರಷ್ಯಾದ 14ನೇ ಕಾಲಾಳು ಡಿವಿಷನ್ ಕಥೆ.

ಇದರಲ್ಲಿ ನಾಲ್ಕು ರೆಜಿಮೆಂಟ್: ವೊಲಿನ್, ಮಿನ್ಸ್ಕ್, ಪೊಡೋಲಿಯಾ, ಝಿಟೋಮಿರ್. ನಾಲ್ಕೂ ಊರು-ಸೀಮೆಗಳ ಹೆಸರು. ಇವತ್ತು ಅವುಗಳಲ್ಲಿ ಒಂದೂ ರಷ್ಯಾದಲ್ಲಿಲ್ಲ. ಮೂರು ಉಕ್ರೇನ್‌ನಲ್ಲಿ, ಒಂದು ಬೆಲಾರುಸ್‌ನಲ್ಲಿ.

1874ರಲ್ಲಿ ರಷ್ಯಾದಲ್ಲಿ ಹೊಸ ಕಾನೂನು ಬಂತು. 20 ತುಂಬಿದ ಹುಡುಗರೆಲ್ಲ, ಶ್ರೀಮಂತ-ಬಡವ ಅನ್ನದೆ, ಸೈನ್ಯದ ಲೆಕ್ಕಕ್ಕೆ ಬರಬೇಕು. ಚೀಟಿ ಎತ್ತಿದಾಗ ಹೆಸರು ಬಂದ್ರೆ 6 ವರ್ಷ ಸೇವೆ, ಆಮೇಲೆ 9 ವರ್ಷ ಮೀಸಲು ಪಡೆ. ಆದ್ರೆ ಓದಿದವರಿಗೆ ರಿಯಾಯಿತಿ: ಪ್ರಾಥಮಿಕ ಶಾಲೆ ಮುಗಿಸಿದ್ರೆ 4 ವರ್ಷ, ಉನ್ನತ ಶಿಕ್ಷಣ ಆಗಿದ್ರೆ ಬರೀ 6 ತಿಂಗಳು. ನಮ್ಮ ಕ್ಲಾಸಿನವರ ವಯಸ್ಸು ಕರೆಕ್ಟಾಗಿ ಅಷ್ಟೇ, ಅಲ್ವಾ? ಪೂರ್ತಿ 6 ವರ್ಷ ಬೀಳ್ತಿದ್ದದ್ದು ಶಾಲೆ ಮೆಟ್ಟಿಲನ್ನೇ ಹತ್ತದ ರೈತರ ಮಕ್ಕಳಿಗೆ.

ಅಂಥವರನ್ನ ಆಗಿನ ಎಷ್ಟೋ ಅಧಿಕಾರಿಗಳು ಪರೇಡಿನ ಗೊಂಬೆ ಥರ ನೋಡ್ತಿದ್ರು. ದ್ರಾಗೊಮಿರೊವ್ ವಾದ ಬೇರೆ. ಯುದ್ಧಕ್ಕೆ ಬೇಕಾಗಿದ್ದನ್ನ ಮಾತ್ರ ಕಲಿಸಿ, ಎಲ್ಲಿಗೆ, ಯಾಕೆ ಹೋಗ್ತಿದ್ದೀವಿ ಅಂತ ಕೊನೇ ಸಿಪಾಯಿಗೂ ಗೊತ್ತಿರಲಿ ಅಂತ. ಮುಂದಾಳು ಸತ್ತರೂ ಕೆಲಸ ನಿಲ್ಲಬಾರದು.

1877 ಜೂನ್ 27ರ ಬೆಳಗಿನ ಜಾವ ಈ ಮಾತಿಗೆ ಪರೀಕ್ಷೆ ಬಂತು. ಜಿಮ್ನಿಚಾ ಊರಿನಿಂದ ಡ್ಯಾನ್ಯೂಬ್ ದಾಟಿ, ಆಚೆ ದಡದ ಸ್ವಿಷ್ಟೋವ್ ಹಿಡೀಬೇಕು. ಕತ್ತಲು, ಸೆಳೆತ, ಎದುರಿಂದ ಟರ್ಕಿಯವರ ಗುಂಡು. ದೋಣಿಗಳು ಚದುರಿಹೋದವು. ಫಿರಂಗಿ ಹೊತ್ತಿದ್ದ ದೋಣಿಯೊಂದು ಜನರ ಸಮೇತ ಮುಳುಗಿತು. ಸಿಕ್ಕಸಿಕ್ಕ ಕಡೆ ಇಳಿದ ಸಣ್ಣ ಸಣ್ಣ ಗುಂಪುಗಳು ಯಾರ ಆರ್ಡರಿಗೂ ಕಾಯದೆ ಕಡಿದಾದ ದಡ ಹತ್ತಿದವು. ಅವತ್ತೇ ಸ್ವಿಷ್ಟೋವ್ ಕೈಗೆ ಬಂತು. ಅದಕ್ಕೆ ನೂರಾರು ಜನ ಸತ್ತು, ಗಾಯಗೊಂಡು ಬೆಲೆ ಕಟ್ಟಿದ್ರು.

ಆಗಸ್ಟ್‌ನಲ್ಲಿ ಶಿಪ್ಕಾ ಕಣಿವೆ. ಗುಂಡು ಮುಗಿದು ಕಲ್ಲು ಉರುಳಿಸ್ತಿದ್ದ ರಷ್ಯನ್, ಬಲ್ಗೇರಿಯನ್ ಸೈನಿಕರ ನೆರವಿಗೆ ಇದೇ ಡಿವಿಷನ್ನಿನ ಒಂದು ಬ್ರಿಗೇಡ್ ಓಡಿತು. ದ್ರಾಗೊಮಿರೊವ್ ಮೊಣಕಾಲಿಗೆ ಗುಂಡು ಬಿತ್ತು, ಅವರ ಯುದ್ಧ ಅಲ್ಲಿಗೆ ಮುಗೀತು. ಸಿಪಾಯಿಗಳದ್ದು ಮುಗೀಲಿಲ್ಲ.

ಈಗ ಕೊನೇ ಫೋಟೋಗೆ ಬನ್ನಿ, ವೆರೆಶ್ಚಾಗಿನ್ ಬರೆದದ್ದು. ಮೂರು ಚಿತ್ರ, ಒಬ್ಬನೇ ಕಾವಲುಗಾರ. ಮೊದಲು ನಿಂತಿದ್ದಾನೆ, ಆಮೇಲೆ ಕುಸೀತಾನೆ, ಕೊನೆಗೆ ಹಿಮದ ಗುಡ್ಡೆ ಅಷ್ಟೇ. ಹೆಸರು 'ಶಿಪ್ಕಾದಲ್ಲಿ ಎಲ್ಲ ಶಾಂತ'. ಆ ಚಳಿಗಾಲ ಅಲ್ಲಿಂದ ಹೋಗ್ತಿದ್ದ ವರದಿಗಳ ಧಾಟಿ ಅದೇ. ಗುಂಡಿಗಿಂತ ಚಳಿ, ಕಾಯಿಲೆಗೇ ಜಾಸ್ತಿ ಜನ ಬಿದ್ರು. ಅದರಲ್ಲೂ ಹೊಸದಾಗಿ ಬಂದ 24ನೇ ಡಿವಿಷನ್ ಹಿಮಕ್ಕೇ ನುಚ್ಚುನೂರಾಯ್ತು.

14ನೇ ಡಿವಿಷನ್ 1914ರಲ್ಲಿ ಬ್ರುಸಿಲೋವ್ ಸೈನ್ಯದಲ್ಲಿ ಮತ್ತೆ ಯುದ್ಧಕ್ಕಿಳೀತು. ಕ್ರಾಂತಿ ಆದ್ಮೇಲೆ, 1918ರಲ್ಲಿ, ಹಳೇ ಸೈನ್ಯದ ಜೊತೆಗೇ ಇಲ್ಲವಾಯ್ತು.

ಜನರಲ್ ಮುಖ ಪೇಂಟಿಂಗ್‌ನಲ್ಲಿ ಉಳೀತು. ದಡ ಹತ್ತಿದ ಹುಡುಗರ ಮುಖ ಹುಡುಕಿದ್ರೆ ಆ ಹಿಮದ ಚಿತ್ರದವನೊಬ್ಬ ಸಿಗ್ತಾನೆ, ಅವನಿಗೂ ಹೆಸರಿಲ್ಲ. ನಿಮಗೆ ಯಾವ ಫೋಟೋ ಹತ್ರ ನಿಲ್ಲೋಣ ಅನ್ನಿಸ್ತು, ಮೊದಲನೇದಾ, ಕೊನೇದಾ? ಕಮೆಂಟಲ್ಲಿ ಹೇಳಿ.