ಹೆಸರನ್ನು ಮತ್ತೊಮ್ಮೆ ಕೇಳಿರಿ
ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜನಿಸಿದ ವೀರಾಪುರವು ಮಾಗಡಿ ತಾಲ್ಲೂಕಿನದು. ಈ ಸೀಮೆಯ ಭಕ್ತರ ಮನೆಗಳಲ್ಲಿ ಅವರ ಹೆಸರಿನವರು ಅನೇಕರು. ನಮ್ಮ ತಮ್ಮನೂ ಶಿವಕುಮಾರನೇ. ಹಿಂದೊಮ್ಮೆ ಅವನು ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ ದಾದಿಯೊಬ್ಬರು ‘ಶಿವಕುಮಾರ್ ಯಾರು?’ ಎನ್ನುತ್ತ ಚುಚ್ಚುಮದ್ದು ತಂದರು. ತಮ್ಮ ತೋಳು ನೀಡಿಯೇಬಿಟ್ಟನು. ನಾವು ತಂದೆಯ ಹೆಸರನ್ನು ವಿಚಾರಿಸಲಾಗಿ, ಮದ್ದು ಪಕ್ಕದ ಹಾಸಿಗೆಯವರದೆಂದು ತಿಳಿಯಿತು.

ಸರಕಾರಿ ಆಸ್ಪತ್ರೆಗಳಿಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳಲ್ಲಿ ವಿಭಾಗವಾರು ಪರಿಶೀಲನಾ ಪಟ್ಟಿಗಳಿವೆ. ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವ ಕ್ರಮವುಂಟೇ ಎಂಬುದನ್ನೂ ಅಲ್ಲಿ ನೋಡುತ್ತಾರೆ. ಆದರೆ ಪಟ್ಟಿಗೆ ಅಂಕ ಬಿದ್ದರೆ ಸಾಲದು, ಹಾಸಿಗೆಯ ಬಳಿ ಕೇಳಬೇಕು. ಹೆಸರನ್ನು ಎರಡು ಬಾರಿ ಕೇಳುವುದೂ ಕಾಯಕವೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ರೋಗಿಯೊಡನೆ ಹೋಗುವ ಶರಣಬಂಧುಗಳು ತಾವೂ ಕೇಳಲು ಸಂಕೋಚಪಡದಿರಲಿ.